ಭಾವನಿಗೆ ಫೋನು ಮಾಡಿದ ಭಾನುವಾರ

ಶ್ರೀರಂಗಪಟ್ಟಣ ನಮ್ಮೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ನಾವು ಅದನ್ನು ಪಟ್ಟಣ ಎಂದಷ್ಟೇ ಕರೆಯುತ್ತೇವೆ. ಮದುವೆಯಾಗಿ ಈ ಸೀಮೆಗೆ ಬಂದು ಮೂವತ್ತಾರು ವರ್ಷ ಆದಮೇಲೆ, ಹೋದ ವರ್ಷ, ನಾನು ಅಲ್ಲಿಗೆ ಮೊದಲ ಸಲ ಹೋದೆ. ಮಕ್ಕಳೇ, ಆ ದಿನದ ವಿಷಯವನ್ನು ನಾನು ನಿಮ್ಮ ಅಮ್ಮನಿಗೂ ಪೂರ್ತಿ ಹೇಳಿಲ್ಲ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆಯಲು ಕೂತರೆ ಅಷ್ಟು ಕಷ್ಟವಾಗುವುದಿಲ್ಲ.

ನಾಗಮಂಗಲದ ಕಡೆಯ ನನ್ನ ತವರೂರಿನಲ್ಲಿ ಏಳನೇ ತರಗತಿವರೆಗೆ ಓದಿದ್ದೆ. ಮುಂದಕ್ಕೆ ಓದಬೇಕೆಂದರೆ ನಾಲ್ಕು ಮೈಲಿ ನಡೆಯಬೇಕಿತ್ತು, ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುತ್ತಿರಲಿಲ್ಲ. ಆಮೇಲೆ ಮದುವೆ ಮಾಡಿ ತೊಣ್ಣೂರಿನ ಹತ್ತಿರದ ಈ ಊರಿಗೆ ಕಳಿಸಿದರು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡಲು ಸೇರಿದೆ. ಅಕ್ಕಿ ಆರಿಸುತ್ತಾ ಕೂತು ಮಕ್ಕಳ ಪಾಠದ ಪುಸ್ತಕ ಓದುತ್ತಿದ್ದುದನ್ನು ಹೆಡ್‌ಮಿಸ್ಸು ಒಂದು ದಿನ ನೋಡಿಬಿಟ್ಟರು. ಮಾರನೆಯ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟುವ ಫಾರಂ ತಂದು ಮುಂದಿಟ್ಟರು. ಬೇಡ ಎನ್ನಲು ನಾಚಿಕೆಯಾಗಿ ರುಜು ಹಾಕಿದೆ. ಐವತ್ತು ದಾಟಿದ ಮೇಲೆ ನಾನು ವಿದ್ಯಾರ್ಥಿನಿಯಾದದ್ದು ಹೀಗೆ.

ಪಾಂಡವಪುರದಲ್ಲಿ ಪ್ರತಿ ಭಾನುವಾರ ಕ್ಲಾಸು ನಡೆಯುತ್ತಿತ್ತು. ಅಲ್ಲಿ ನನಗೆ ಇಬ್ಬರು ಗೆಳತಿಯರು ಸಿಕ್ಕಿದರು. ಒಬ್ಬಾಕೆ ಪಾಂಡವಪುರದ ಮುಸ್ಲಿಮರ ಹೆಂಗಸು. ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದಳು, ಗಂಡ ಆಟೋ ಓಡಿಸುತ್ತಿದ್ದ. ಅವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಇನ್ನೊಬ್ಬಳು ಕೆ.ಆರ್. ಪೇಟೆಯ ಹುಡುಗಿ. ಇಪ್ಪತ್ತೆರಡು ವರ್ಷ, ಗಣಿತದಲ್ಲಿ ಎರಡು ಸಲ ಫೇಲಾಗಿ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಮೂರನೆಯ ಸಲಕ್ಕೆ ಓದುತ್ತಿದ್ದಳು. ಮೇಷ್ಟ್ರು ನಮ್ಮನ್ನೆಲ್ಲ ಒಟ್ಟಿಗೆ ‘ಮಕ್ಕಳೇ’ ಎಂದು ಕರೆದಾಗ ಈ ಹುಡುಗಿ ನನ್ನ ಕಡೆ ತಿರುಗಿ ನಗುತ್ತಿದ್ದಳು.

ಆ ಭಾನುವಾರ ಹೋದಾಗ ಬಾಗಿಲಿಗೆ ಬೀಗ ಹಾಕಿತ್ತು. ಮೇಷ್ಟ್ರ ಅಣ್ಣನ ಮಗಳ ನಿಶ್ಚಿತಾರ್ಥವಂತೆ, ಕ್ಲಾಸಿಲ್ಲ ಎಂದು ಪಕ್ಕದ ಅಂಗಡಿಯವನು ಹೇಳಿದ.

“ಮೇಷ್ಟ್ರೇ ಚಕ್ಕರ್ ಒಡೆದವ್ರೆ. ಅದೇ ನಾವು ಒಡೆದಿದ್ರೆ?” ಎಂದಳು ಹುಡುಗಿ.

“ನಾನಂತೂ ಮನೇಗ್ ಓಗಲ್ಲಮ್ಮ,” ಎಂದಳು ಟೈಲರಮ್ಮ. “ಓದ್ರೆ ಎಂಟು ಬ್ಲೌಸು ಕಾಯ್ತಾ ಕೂತವೆ. ಕ್ಲಾಸು ಅಂತ ಏಳಿ ಬಂದಿವ್ನಿ, ಸಾಯಂಕಾಲದವರ್ಗೂ ನಂಗೆ ಕ್ಲಾಸೇ.”

“ಅಂಗಾದ್ರೆ ಪಟ್ಟಣಕ್ಕೆ ಓಗವಾ? ಬಸ್ಸು ಪುಕ್ಕಟೆ. ನಾನು ನಿಮಿಷಾಂಬಮ್ಮಂಗೆ ಒಂದು ಮಾತು ಏಳ್ಬೇಕು, ಗಣಿತದ ವಿಷ್ಯ.”

ಪಟ್ಟಣಕ್ಕೆ ಹೋಗಬೇಕೆಂದು ನಾನು ಮೂರು ವರ್ಷದಿಂದ ಕಾದಿದ್ದೆ. ಏಕೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಹೋದವರನ್ನು ಹೂಳುವುದಿಲ್ಲ, ಸುಡುತ್ತಾರೆ. ನಿಮ್ಮ ತಾತ ಹೋದ ಮೂರನೆಯ ದಿನ ಹಾಲುತುಪ್ಪ ಬಿಟ್ಟು, ಬೂದಿಯನ್ನು ಕುಡಿಕೆಯಲ್ಲಿ ತುಂಬಿಕೊಂಡು, ಪಟ್ಟಣದ ಹೊಳೆಗೆ ಬಿಡಲು ಗಂಡಸರು ಹೋದರು. ಹೆಂಗಸರು ಹೋಗುವ ಪದ್ಧತಿ ಇಲ್ಲ. ನಮಗೆ ಗಂಡುಮಗನಿಲ್ಲ, ನಿಮ್ಮ ಅಮ್ಮ ಒಬ್ಬಳೇ ಮಗಳು. ನಿಮ್ಮ ಅಪ್ಪ ತೀರಿಕೊಂಡ ದಿನ ಬೆಂಕಿ ಕೊಡುವಾಗ ಬಂದು ಹೋಗಿ, ಮತ್ತೆ ಬಂದದ್ದು ತಿಥಿಗೆ. ಹಾಗಾಗಿ ಕುಡಿಕೆ ಹೊತ್ತವರು ನನ್ನ ಭಾವ, ಅಂದರೆ ನಿಮ್ಮ ತಾತನ ಅಣ್ಣ, ನೀವು ದೊಡ್ಡ ತಾತ ಎನ್ನುವವರು. ಜೊತೆಗೆ ಹೋಗಿದ್ದ ದಾಯಾದಿ ಅಜ್ಜ ಆಮೇಲೆ ತೀರಿಕೊಂಡರು. ಆ ಸಂಜೆ ಭಾವ ಬಂದು ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತಿದ್ದಾಗ, ನಾನು ಓರಗಿತ್ತಿಯನ್ನು ಕೇಳಿದೆ, “ಎಲ್ಲಿ ಬುಟ್ರಂತೆ ಅಕ್ಕ?” “ಪಟ್ಟಣದಲ್ಲಂತೆ,” ಎಂದರು. ಪಟ್ಟಣದಲ್ಲಿ ಎಲ್ಲಿ ಎಂದು ಕೇಳಲು ಆಗಲಿಲ್ಲ. ಅವರಿಗೂ ಅಷ್ಟೇ ಗೊತ್ತಿತ್ತು.

ಭಾವನನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮ್ಮ ಕಾಲದಲ್ಲಿ ಅದು ಸರಿ. ನಾನು ಈ ಮನೆಗೆ ಬಂದಂದಿನಿಂದ ಭಾವನ ಎದುರು ನಿಂತು ಒಂದು ಮಾತೂ ಆಡಿದವಳಲ್ಲ. ಅವರು ಜಗುಲಿ ಹತ್ತಿದರೆ ನಾನು ಸೆರಗು ಎಳೆದುಕೊಂಡು ಒಳಗೆ ಹೋಗಬೇಕು. ಏನಾದರೂ ಹೇಳಬೇಕಾದರೆ ಓರಗಿತ್ತಿಯ ಮೂಲಕ ಹೇಳಬೇಕು. ಓರಗಿತ್ತಿ ಇಲ್ಲದಿದ್ದರೆ ನಿಮ್ಮ ಅಮ್ಮನ ಮೂಲಕ, “ಮಗ, ದೊಡ್ಡಪ್ಪಂಗೆ ಏಳು, ನೀರು ಕಾದದೆ.” ನಿಮ್ಮ ಅಮ್ಮ ಶಾಲೆಗೆ ಹೋಗಿದ್ದಾಗಲೂ ಹಾಗೆಯೇ, ಇಲ್ಲದ ಮಗುವಿಗೆ ಹೇಳಿದಂತೆ ಬಾಗಿಲ ಕಡೆ ನೋಡಿ ಹೇಳುತ್ತಿದ್ದೆ. ಅವರೂ ಬಾಗಿಲಿಗೇ ಉತ್ತರ ಕೊಡುತ್ತಿದ್ದರು. ಒಂದೇ ಅಂಗಳದಲ್ಲಿ ಎರಡು ಮನೆ, ಮೂವತ್ತಾರು ವರ್ಷ, ಹೀಗೆಯೇ ನಡೆದುಹೋಯಿತು.

ಆದರೆ ಬೂದಿ ಬಿಟ್ಟ ಜಾಗವನ್ನು ಒಮ್ಮೆ ನೋಡಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ. ಗದ್ದೆಯಲ್ಲಿ ಗುರುತಿನ ಕಲ್ಲೊಂದು ಇದ್ದಿದ್ದರೆ ಹೋಗಿ ಕೂತು ಬರಬಹುದಿತ್ತು. ಕಬ್ಬಿನ ಗದ್ದೆಯ ಬದಿಯಲ್ಲಿ ನಿಂತರೆ ನಿಮ್ಮ ತಾತ ಸೋಗೆ ಸರಿಸಿಕೊಂಡು ಹೊರಗೆ ಬರುತ್ತಾರೆ ಎನ್ನಿಸುತ್ತಿತ್ತು. ಎಷ್ಟೋ ದಿನ ಸುಮ್ಮನೆ ಹೋಗಿ ನಿಂತಿದ್ದೇನೆ. ಸೋಗೆ ಗಾಳಿಗೆ ಅಲ್ಲಾಡುತ್ತಿತ್ತು, ಅಷ್ಟೇ.

ಇದನ್ನೆಲ್ಲ ಗೆಳತಿಯರಿಗೆ ಹೇಳಲಿಲ್ಲ. “ಆಯ್ತು, ಓಗವ,” ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಸಂಜೆ ಐದೂವರೆಗೆ ಪಾಂಡವಪುರದಿಂದ ನಮ್ಮೂರಿನ ಬಸ್ಸು ಹೊರಡುತ್ತದೆ. ಅದಕ್ಕೆ ಮುಂಚೆ ಆ ಜಾಗ ಹೇಗೋ ಕಣ್ಣಿಗೆ ಬಿದ್ದೀತು ಎಂದುಕೊಂಡೆ. ಹೇಗೆ ಎಂದು ಮಾತ್ರ ಯೋಚಿಸಲಿಲ್ಲ.

ಕಂಡಕ್ಟರು ಆಧಾರ್ ಕಾರ್ಡು ಕೇಳಿದ. ನನ್ನ ಕಾರ್ಡನ್ನು ನೋಡಿ, ಹೆಗಲಲ್ಲಿದ್ದ ಪುಸ್ತಕದ ಚೀಲ ನೋಡಿ, “ಯಾವ ಕ್ಲಾಸು ಅಜ್ಜಿ?” ಎಂದ.

“ಟೆಂತು,” ಎಂದಳು ಹುಡುಗಿ ನನ್ನ ಪರವಾಗಿ. “ನಮ್ಮ ಕ್ಲಾಸಿಗೇ ಫಸ್ಟು. ನೀನು ಎಷ್ಟರಲ್ಲಿ ಪಾಸಾದಣ್ಣ?”

ಅವನು ಟಿಕೀಟು ಹರಿದು ಕೊಟ್ಟು ಮುಂದಕ್ಕೆ ಹೋದ. ಕಿರಂಗೂರು ದಾಟಿ ಸೇತುವೆ ಬಂತು. ಮಳೆಗಾಲ ಆಗತಾನೆ ಮುಗಿಯುತ್ತಿತ್ತು, ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಕಿಟಕಿಯ ಸರಳು ಹಿಡಿದು ನೋಡಿದೆ. ಇಷ್ಟು ಅಗಲದ ನೀರಿನಲ್ಲಿ ಎಲ್ಲಿ ಎಂದು ಹುಡುಕಲಿ ಎನ್ನಿಸಿತು.

ಮೊದಲು ರಂಗನಾಥಸ್ವಾಮಿ ಗುಡಿಗೆ ಹೋದೆವು. ಟೈಲರಮ್ಮ ಹೊರಗೆ ಅರಳಿಕಟ್ಟೆಯ ಮೇಲೆ ಕೂತಳು. “ನೀವು ಓಗ್ಬನ್ನಿ, ನಾನು ಚಪ್ಪಲಿ ಕಾಯ್ತೀನಿ. ನಿಮ್ಮ ರಂಗಣ್ಣ ಮಲಗವ್ನೆ ಅಂತೀರಲ್ಲ, ಇವಳ್ನ ಬಾಯಿ ಮುಚ್ಕಂಡು ಕರ್ಕಂಡೋಗಕ್ಕ.”

ಸಾಲು ಉದ್ದವಿತ್ತು. ಒಳಗೆ ಎಣ್ಣೆ ದೀಪದ ಬೆಳಕು. ದೇವರು ಅಷ್ಟುದ್ದಕ್ಕೆ ಮಲಗಿದ್ದ. ಮುಖ ನೋಡಿ ಪಾದ ನೋಡುವುದರೊಳಗೆ ಹಿಂದಿನವರು ದಬ್ಬಿದರು. ನಿಮ್ಮ ತಾತ ಕೊನೆಯ ಎರಡು ತಿಂಗಳು ಜಗುಲಿಯ ಮಂಚದ ಮೇಲೆ ಮಲಗಿದ್ದರು. ಕಬ್ಬಿನ ಗಾಡಿ ರಸ್ತೆಯಲ್ಲಿ ಹೋದರೆ, ಮಲಗಿದ್ದಲ್ಲಿಂದಲೇ ಸದ್ದು ಕೇಳಿ, “ಇದು ಭಾರ ಜಾಸ್ತಿಯಾಯ್ತು, ಏರಿ ಮೇಲೆ ಕಚ್ಚಿಕೊಳ್ತದೆ,” ಎನ್ನುತ್ತಿದ್ದರು. ದೇವರ ಮುಂದೆ ನಿಂತು ನನಗೆ ನೆನಪಾದದ್ದು ಅದು. ಏನನ್ನೂ ಬೇಡಿಕೊಳ್ಳದೆ, ಕೈಗೆ ಕೊಟ್ಟ ತುಳಸಿಯನ್ನು ಹಿಡಿದುಕೊಂಡು ಹೊರಗೆ ಬಂದೆ.

ಗುಡಿಯ ಹತ್ತಿರವೇ ಸ್ನಾನಘಟ್ಟ. ಕೈಕಾಲು ತೊಳೆದು ಬರುತ್ತೇನೆ ಎಂದು ಇಬ್ಬರನ್ನೂ ಅಲ್ಲೇ ಬಿಟ್ಟು ಮೆಟ್ಟಿಲಿಳಿದೆ. ಅಲ್ಲಿ ಒಂದು ಕುಟುಂಬದವರಿದ್ದರು. ತಲೆ ಬೋಳಿಸಿಕೊಂಡ ಹುಡುಗನೊಬ್ಬ ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ. ಬಾಳೆ ಎಲೆಯ ಮೇಲೆ ಪಿಂಡ ಇತ್ತು. ಬೂದಿಯನ್ನು ಇಲ್ಲಿಯೂ ಬಿಡುತ್ತಾರೆ ಎಂದು ಗೊತ್ತಾಗಿ ಕಾಲು ನಿಂತುಹೋಯಿತು. ಪುರೋಹಿತರು ನನ್ನನ್ನು ನೋಡಿ, “ಏನಮ್ಮ, ಯಾರದ್ದು? ಯಾವ ಊರು?” ಎಂದರು. ಇಲ್ಲ ಎಂದು ತಲೆಯಾಡಿಸಿ ಪಕ್ಕಕ್ಕೆ ಸರಿದೆ. ಕೈಯಲ್ಲಿದ್ದ ತುಳಸಿಯನ್ನು ನೀರಿಗೆ ಬಿಟ್ಟು, ಇಲ್ಲೇ ಇರಬಹುದು ಎಂದು ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ಬಿಟ್ಟಾಗ ತುಳಸಿ ಹೋಗಿರಲಿಲ್ಲ. ಮೆಟ್ಟಿಲಿಗೆ ತಾಗಿಕೊಂಡು ಅಲ್ಲೇ ಆಡುತ್ತಿತ್ತು. ಯಾರದೋ ಮನೆಗೆ ತಪ್ಪಿ ಹೋಗಿ ಬಾಗಿಲು ತಟ್ಟಿದ ಹಾಗಾಯಿತು ನನಗೆ.

“ಇಷ್ಟೊತ್ತು ಕಾಲು ತೊಳೆದ್ಯಾ? ಎಂಟು ಕಾಲು ಅವಾ ನಿಂಗೆ?” ಎಂದಳು ಟೈಲರಮ್ಮ. ಅವಳ ಮಾತಿಗೆ ನಗುವುದಕ್ಕೆ ಪ್ರಯತ್ನ ಪಟ್ಟೆ.

ಅಲ್ಲಿಂದ ಆಟೋದಲ್ಲಿ ಗಂಜಾಂಗೆ ಹೋದೆವು. ನಿಮಿಷಾಂಬ ಗುಡಿಯಲ್ಲಿ ಜನವೋ ಜನ. ನಿಂಬೆಹಣ್ಣಿನ ಹಾರ ಮಾರುವವರು, ಬಳೆ ಮಾರುವವರು ಕೂಗುತ್ತಿದ್ದರು. ಮದುವೆಗೆ ಹರಸಿಕೊಳ್ಳುವ ಹುಡುಗಿಯರ ಸಾಲಿನಲ್ಲಿ ನಮ್ಮ ಹುಡುಗಿಯೂ ನಿಂತಳು. ಅವಳ ಹಿಂದಿದ್ದ ಹೆಂಗಸು, “ಗಂಡು ಬೇಗ ಸಿಗ್ತದೆ ಬುಡವ್ವ,” ಎಂದಳು. “ಗಂಡು ಬೇಡ ಕಣವ್ವ, ಮೂವತ್ತೈದು ಮಾರ್ಕ್ಸು ಸಿಕ್ರೆ ಸಾಕು,” ಎಂದಳು ಇವಳು. ಸುತ್ತಲಿನವರೆಲ್ಲ ನಕ್ಕರು. ಅರ್ಚಕರು ಕೊಟ್ಟ ಕುಂಕುಮವನ್ನು ಅಂಗೈಯಲ್ಲಿ ತೆಗೆದುಕೊಂಡೆ. ಮೂರು ವರ್ಷದಿಂದ ಹೀಗೆ ಕೈಗೆ ಬಂದದ್ದನ್ನು ಏನು ಮಾಡಬೇಕೆಂದು ಒಂದು ಗಳಿಗೆ ತಿಳಿಯುವುದೇ ಇಲ್ಲ. ಹುಡುಗಿಯ ಹಣೆಗೆ ಇಟ್ಟೆ. ಅವಳು ಅದನ್ನು ಒರೆಸದೆ ಹಾಗೆಯೇ ಇಟ್ಟುಕೊಂಡಳು.

ಹೊಟ್ಟೆ ಹಸಿದಿತ್ತು. ಟೈಲರಮ್ಮನ ಡಬ್ಬಿಯಲ್ಲಿ ಮೊಟ್ಟೆ ಪಲ್ಯವಿತ್ತು. “ದೇವಸ್ಥಾನದ ತಾವ ಬೇಡ, ಗುಂಬಜ್ ತಾವ ಮರದ ಕೆಳಗೆ ಉಣ್ಣವ,” ಎಂದಳು. ಹಾಗಾಗಿ ಇನ್ನೂ ಮುಂದಕ್ಕೆ ಹೋದೆವು. ಗಂಟೆ ಒಂದೂವರೆ ಆಗಿತ್ತು. ಉಂಡು ಹೊರಟರೆ ದಿನ ಮುಗಿದೇಹೋಯಿತು ಎಂದು ನನಗೆ ಒಳಗೊಳಗೇ ಸಂಕಟ.

ನಾನು ತಂದಿದ್ದ ಅಕ್ಕಿ ರೊಟ್ಟಿ ಹುಚ್ಚೆಳ್ಳು ಚಟ್ನಿಯನ್ನು ಇಬ್ಬರೂ ಖಾಲಿ ಮಾಡಿದರು. ಮೊಟ್ಟೆ ಪಲ್ಯ ನನ್ನ ಪಾಲಿಗೆ ಬಂತು. ಉಂಡಮೇಲೆ ಟೈಲರಮ್ಮ ತಲೆಯ ಮೇಲೆ ಸೆರಗು ಹೊದ್ದು, ಸುಲ್ತಾನರ ಗೋರಿಗಳಿರುವ ಆ ಗುಮ್ಮಟದೊಳಗೆ ಹೋದಳು. ನಾವು ಬಾಗಿಲ ಹತ್ತಿರ ನಿಂತೆವು. ಅವಳು ಅಂಗೈ ಬಿಚ್ಚಿ ಹಿಡಿದು ತುಟಿ ಅಲ್ಲಾಡಿಸುತ್ತಾ ಬಹಳ ಹೊತ್ತು ನಿಂತಿದ್ದಳು. ಹೊರಗೆ ಬಂದಾಗ ಮೂಗು ಕೆಂಪಗಿತ್ತು. ಅಷ್ಟು ಮಾತಾಡುವವಳು ಸುಮ್ಮನಿದ್ದುದು ನೋಡಿ, “ಯಾರಿಗೆ ಕೇಳ್ಕೊಂಡೆ?” ಎಂದೆ.

“ನಮ್ಮ ಅಬ್ಬಂಗೆ ಅಕ್ಕ, ನಮ್ಮಪ್ಪಂಗೆ. ಅವ್ರ ಗೋರಿ ಪಾಂಡವಪುರದಲ್ಲೇ ಅದೆ, ನಮ್ಮನೆಯಿಂದ ಐದು ನಿಮ್ಷ. ಆದ್ರೆ ನಮ್ಮನೇಲಿ ಎಂಗಸ್ರು ಕಬರಸ್ತಾನಕ್ಕೆ ಓಗಲ್ಲ. ಗೋಡೆ ಆಚೆ ನಿಂತ್ರೆ ಏನೂ ಕಾಣಲ್ಲ. ಇಲ್ಲಿ ಬಂದು ದುವಾ ಮಾಡ್ತೀನಿ. ಇಲ್ಲಿಂದ ಅಲ್ಲಿಗೆ ತಲುಪ್ತದೆ ಅಂತ ಅಂದ್ಕತೀನಿ.”

ಐದು ನಿಮಿಷದ ದೂರದಲ್ಲಿದ್ದೂ ಅವಳು ನೋಡಿರಲಿಲ್ಲ. ಆಗ ನನ್ನ ಬಾಯಿಂದ ಮಾತು ತಾನಾಗಿ ಬಂತು. “ನಮ್ಮೋರ್ನೂ ಇಲ್ಲೇ ಎಲ್ಲೋ ಬುಟ್ಟವ್ರೆ.”

ಇಬ್ಬರೂ ನನ್ನ ಮುಖ ನೋಡಿದರು. ಎಲ್ಲವನ್ನೂ ಹೇಳಿದೆ. ಹೇಳುವುದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ.

“ಬೆಳಗ್ಗೆನೇ ಬಾಯಿ ಬುಟ್ಟಿದ್ರೆ ಮೊದ್ಲು ಅಲ್ಲಿಗೇ ಓಗ್ತಿದ್ದೊ ಕಣ್ ದೊಡ್ಡವ್ವ,” ಎಂದಳು ಹುಡುಗಿ. “ಅದು ಪಶ್ಚಿಮವಾಹಿನಿಯೇ ಇರ್ಬೇಕು. ನಮ್ಮ ಕಡೆಯೋರೆಲ್ಲ ಅಲ್ಲೇ ಬುಡೋದು.”

“ಸುಮ್ನಿರು. ನಮ್ಮನೆಯೋರು ಆಟೋದಲ್ಲಿ ಎಷ್ಟು ಜನನ ಕುಡಿಕೆ ಸಮೇತ ಗೋಸಾಯಿ ಘಾಟಿಗೆ ಬುಟ್ಟವ್ರೆ ಗೊತ್ತಾ?” ಎಂದಳು ಟೈಲರಮ್ಮ. “ಪಶ್ಚಿಮವಾಹಿನಿ ಆ ತುದಿ, ಸಂಗಮ ಈ ತುದಿ. ಎಲ್ಲಿ ಅಂತ ಓಡಾಡದು? ಕೇಳ್ಬುಡಕ್ಕ ಒಂದ್ಸಲ. ಭಾವ ಅವ್ರಲ್ಲ?”

“ಅಕ್ಕಂಗೆ ಮಾಡ್ತೀನಿ,” ಎಂದೆ. ಆದರೆ ಹೇಳುವಾಗಲೇ ನೆನಪಾಯಿತು. ಓರಗಿತ್ತಿ ಹಿಂದಿನ ದಿನವೇ ತವರಿಗೆ ಹೋಗಿದ್ದರು, ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ. ಅವರ ಮನೆಗೆ ಇರುವುದು ಒಂದೇ ಫೋನು, ಅದು ಭಾವನ ಜೇಬಿನಲ್ಲಿರುತ್ತದೆ.

“ನಾನು ಮಾತಾಡ್ಲಾ?” ಎಂದಳು ಟೈಲರಮ್ಮ. ಯಾರೋ ಹೊರಗಿನವರು ಫೋನು ಮಾಡಿ ತಮ್ಮನ ಬೂದಿ ಎಲ್ಲಿ ಬಿಟ್ಟಿರಿ ಎಂದು ಕೇಳಿದರೆ ಆ ಮನುಷ್ಯನಿಗೆ ಹೇಗಾಗಬೇಡ? ಬೇಡ ಎಂದೆ. ನಾನೇ ಗುಂಡಿ ಒತ್ತಿದೆ.

“ಅಲೋ,” ಎಂದರು.

ಮಕ್ಕಳೇ, ಅದು ನಿಮ್ಮ ತಾತನ ದನಿ. ಅಣ್ಣತಮ್ಮಂದಿರ ದನಿ ಒಂದೇ ಥರ ಎಂದು ಊರಿನವರು ಹೇಳುತ್ತಿದ್ದುದನ್ನು ಕೇಳಿದ್ದೆ. ನನಗೆ ಎಂದೂ ಹಾಗೆ ಅನ್ನಿಸಿರಲಿಲ್ಲ. ಭಾವನ ದನಿ ನನಗೆ ಗೋಡೆಯ ಆಚೆಯದು, ಎತ್ತು ಗದರಿಸುವ ದನಿ, ಆಳುಗಳನ್ನು ಕೂಗುವ ದನಿ. ಅದನ್ನು ಇಷ್ಟು ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲಿ, ಮೆತ್ತಗೆ, ಮುಖವಿಲ್ಲದೆ ಕೇಳಿರಲಿಲ್ಲ. ಫೋನು ಕಟ್ ಮಾಡಿಬಿಟ್ಟೆ.

“ಯಾಕಕ್ಕ?” ಎಂದಳು ಟೈಲರಮ್ಮ. ನಾನು ಉತ್ತರ ಹೇಳುವ ಮೊದಲೇ ಫೋನು ರಿಂಗಾಯಿತು. ಅವರೇ ತಿರುಗಿ ಮಾಡಿದ್ದರು.

“ಅಲೋ, ಯಾರ್ಲಾ ಅದು? ಫೋನ್ ಮಾಡಿ ಇಡೋನು. ಮಾತಾಡ್ಲಾ.”

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡಳು.

“ಭಾವ, ನಾನು,” ಎಂದೆ.

ನಾನು ಯಾರೆಂದು ಬಿಡಿಸಿ ಹೇಳಬೇಕೇನೋ ಎಂದುಕೊಂಡೆ. ಅಷ್ಟರಲ್ಲಿ ಅವರು, “ಏನಾಯ್ತವ್ವ? ಬಸ್ಸಿಗೇನಾರ ಆಯ್ತಾ? ಎಲ್ಲಿದ್ದೀಯ?” ಎಂದರು. ನಾನು ನೇರವಾಗಿ ಮಾತಾಡಿದ್ದೇ ಅವರಿಗೆ ಅಪಘಾತದಷ್ಟು ದೊಡ್ಡದಾಗಿ ಕಂಡಿತ್ತು.

“ಏನೂ ಆಗಿಲ್ಲ. ಕ್ಲಾಸಿರ್ಲಿಲ್ಲ. ಪಟ್ಟಣಕ್ಕೆ ಬಂದಿವ್ನಿ.” ಹಾಗೆಯೇ ಕೇಳಿಬಿಟ್ಟೆ. “ಅವರ್ನ ಎಲ್ಲಿ ಬುಟ್ಟಿರಿ ಭಾವ?”

ಆ ಕಡೆ ದೂರದಲ್ಲಿ ಯಾರದೋ ಪಂಪಿನ ಮೋಟರು ಓಡುತ್ತಿದ್ದುದು ಕೇಳುತ್ತಿತ್ತು.

“ಸಂಗಮದಲ್ಲಿ ಕಣವ್ವ,” ಎಂದರು. “ಮೊದ್ಲು ಪಶ್ಚಿಮವಾಹಿನಿಗೇ ಓದೊ. ಬ್ಯಾಸಗೆ ಅಲ್ವಾ, ಒಳೇಲಿ ನೀರಿರ್ಲಿಲ್ಲ. ಬಂಡೆ ಸಂದೀಲಿ ಗುಂಡಿ ಗುಂಡಿ ನಿಂತಿತ್ತು. ಅಲ್ಲಿ ಬುಡಕ್ಕೆ ನಂಗೆ ಮನಸಾಗ್ಲಿಲ್ಲ. ಅಜ್ಜ ಬೈದ್ರು. ಬೈದ್ರೆ ಬೈಲಿ ಅಂತ ಕುಡಿಕೆ ಇಡ್ಕಂಡು ಸಂಗಮಕ್ಕೆ ಬಂದೊ.”

“ಮನೇಲಿ ಏಳ್ಲಿಲ್ಲ ನೀವು.”

“ಯಾರೂ ಕೇಳ್ಲಿಲ್ಲ ಕಣವ್ವ.”

ಕೇಳಬೇಕಾಗಿದ್ದವಳು ನಾನು. ಮೂರು ವರ್ಷ ಬಾಗಿಲ ಹಿಂದೆ ನಿಂತಿದ್ದೆ. ಅವರು ಬಾಗಿಲ ಮುಂದೆ ಕೂತಿದ್ದರು.

“ಈಗೆಲ್ಲಿದ್ದೀಯ?”

“ಗುಂಬಜ್ ತಾವ.”

“ಅಂಗಾದ್ರೆ ಅಲ್ಲೇ ಮುಂದೆ. ರಸ್ತೆ ಇಡ್ಕಂಡು ನೆಟ್ಟಗೆ ನಡಿ. ಮೆಟ್ಲು ಸಿಕ್ತವೆ. ಇಳ್ಯೋಕೆ ಮುಂಚೆ ಫೋನ್ ಮಾಡು, ಜಾಗ ಏಳ್ತೀನಿ.”

ಫೋನು ಇಟ್ಟಾಗ ಗಂಟೆ ಎರಡೂವರೆ ಆಗಿತ್ತು. “ನಾಲ್ಕು ಗಂಟೆಗೆ ಬಸ್‌ಸ್ಟ್ಯಾಂಡಲ್ಲಿರ್ಬೇಕು, ನಡೀರಿ ನಡೀರಿ,” ಎಂದು ಟೈಲರಮ್ಮ ನಮ್ಮಿಬ್ಬರನ್ನೂ ಕುರಿ ಹೊಡೆದಂತೆ ಹೊಡೆದುಕೊಂಡು ಹೋದಳು. ನನ್ನ ಪುಸ್ತಕದ ಚೀಲವನ್ನು ಹುಡುಗಿ ತೆಗೆದುಕೊಂಡಳು. ಪಶ್ಚಿಮವಾಹಿನಿಗೆ ಹೋಗಿದ್ದರೆ ಅಲ್ಲಿಯೂ ಕೈಮುಗಿದು, ಅದೇ ಜಾಗ ಎಂದುಕೊಂಡು, ಸಮಾಧಾನದಿಂದ ವಾಪಸ್ಸು ಬರುತ್ತಿದ್ದೆ. ಹಾಗೆ ನೆನೆದು ಹೆಜ್ಜೆ ಇನ್ನೂ ಬೇಗ ಹಾಕಿದೆ.

ಸಂಗಮದಲ್ಲಿ ಹೊಳೆಯ ಎರಡು ಕವಲುಗಳು ಬಂದು ಒಂದಾಗುತ್ತವೆ. ಭಾನುವಾರವಾದ್ದರಿಂದ ಜನ ತುಂಬಿದ್ದರು. ಹುಡುಗರು ನೀರಿಗೆ ಹಾರುತ್ತಿದ್ದರು. ಹರಿಗೋಲಿನವನು, “ಬನ್ರಕ್ಕ, ಒಂದು ಸುತ್ತು,” ಎಂದು ಕರೆಯುತ್ತಿದ್ದ. ಸೌತೆಕಾಯಿಗೆ ಉಪ್ಪುಖಾರ ಹಚ್ಚಿ ಮಾರುತ್ತಿದ್ದರು. ಇಷ್ಟು ಗದ್ದಲದ ಜಾಗ ಎಂದು ನಾನು ಅಂದುಕೊಂಡಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿಕೊಂಡರು.

“ಬಂದ್ಯಾ? ಮೆಟ್ಲು ಇಳ್ದು ಎಡಕ್ಕೆ ತಿರುಕ್ಕೋ. ಒಂದು ಅತ್ತಿಮರ ಅದೆ, ನೀರಿಗೆ ಬಗ್ಗಿರ್ತದೆ.”

“ಅದೆ.”

“ಅದನ್ನ ದಾಟು. ಕಾಲು ಜಾರ್ತದೆ, ಉಸಾರು. ಯಾರ್ನಾರ ಕೈ ಇಡ್ಕೋ.”

ಟೈಲರಮ್ಮನ ಕೈ ಹಿಡಿದುಕೊಂಡು ದಾಟಿದೆ. ಅಲ್ಲಿ ಜನ ಕಡಿಮೆ ಇದ್ದರು.

“ಈಗ ಎದುರಿಗೆ ನೋಡು. ಎಮ್ಮೆ ಮಲಗಿದಂಗೆ ಒಂದು ಬಂಡೆ.”

“ಬಂಡೆ ಕಾಣ್ತಿಲ್ಲ ಭಾವ.”

“ನೀರು ಜಾಸ್ತಿ ಅದಾ?”

“ತುಂಬಿ ಓಯ್ತಾ ಅದೆ.”

“ಅಂಗಾದ್ರೆ ಮುಳುಗ್ಬುಟ್ಟದೆ. ನೀರು ಒಂದು ಕಡೆ ಉಬ್ಬಿ ಎದ್ದು ಇಳೀತಿರ್ತದೆ. ಸರ್ಯಾಗಿ ನೋಡು.”

ನೋಡಿದೆ. ದಡದಿಂದ ಐದಾರು ಮಾರು ದೂರದಲ್ಲಿ ನೀರು ಒಂದು ಕಡೆ ಬೆನ್ನು ಎತ್ತಿದಂತೆ ಉಬ್ಬಿ, ನುಣ್ಣಗೆ ಜಾರಿ ಮುಂದಕ್ಕೆ ಹೋಗುತ್ತಿತ್ತು. ಅಲ್ಲಿ ನೊರೆಯಿರಲಿಲ್ಲ.

“ಕಾಣ್ತು,” ಎಂದೆ.

“ಅದೇ ಕಣವ್ವ.”

ಗೆಳತಿಯರು ಅತ್ತಿಮರದ ಹತ್ತಿರಕ್ಕೆ ಸರಿದು ನಿಂತರು. ಭಾವ ತಾವಾಗಿಯೇ ಹೇಳಿದರು.

“ಅವ್ನಿಗೆ ಚಿಕ್ಕಂದಿಂದ ನೀರ್ ಕಂಡ್ರೆ ಭಯ. ತೊಣ್ಣೂರು ಕೆರೇಲಿ ನಾವೆಲ್ಲ ಈಜು ಒಡೀತಿದ್ರೆ ಅವ್ನು ದಡದಲ್ಲಿ ನಮ್ಮ ಬಟ್ಟೆ ಕಾಯ್ತಾ ಕೂರೋನು. ಎಷ್ಟು ಎಳೆದ್ರೂ ಬತ್ತಿರ್ಲಿಲ್ಲ. ಅದ್ಕೇ ನಾನು ಕುಡಿಕೆ ಎಸೀಲಿಲ್ಲ. ಸೊಂಟದ ಮಟ್ಟ ನೀರಿಗಿಳ್ದೆ. ಒಂದು ಕೈಲಿ ಬಂಡೆ ಇಡ್ಕಂಡು, ಇನ್ನೊಂದು ಕೈಲಿ ಇಷ್ಟಿಷ್ಟೇ ಬುಟ್ಟೆ. ಅಜ್ಜ ದಡದಿಂದ ಒತ್ತಾಯ್ತು ಅಂತ ಕೂಗ್ತಾನೇ ಇದ್ರು.”

ನನಗೆ ಇದು ಗೊತ್ತಿರಲಿಲ್ಲ. ಮೂವತ್ತಮೂರು ವರ್ಷ ಜೊತೆಯಲ್ಲಿ ಬಾಳಿದವಳು ನಾನು. ಮದುವೆಯಾದ ಹೊಸದರಲ್ಲಿ ತೊಣ್ಣೂರು ಕೆರೆ ತೋರಿಸಿ ಎಂದು ಎಷ್ಟೋ ಸಲ ಕೇಳಿದ್ದೆ. ಕಬ್ಬಿಗೆ ನೀರು ಕಟ್ಟಬೇಕು, ಫ್ಯಾಕ್ಟರಿಯಿಂದ ಕಡಿಯಲು ಚೀಟಿ ಬಂದಿದೆ, ಎತ್ತಿಗೆ ಹುಷಾರಿಲ್ಲ ಎಂದು ಒಂದಲ್ಲ ಒಂದು ಹೇಳುತ್ತಿದ್ದರು. ಕರೆದುಕೊಂಡು ಹೋಗಲು ಮನಸ್ಸಿಲ್ಲ ಎಂದು ನಾನು ಮುನಿಸಿಕೊಂಡಿದ್ದೂ ಉಂಟು. ಈಗ ಗೊತ್ತಾಯಿತು. ನನ್ನ ಎದುರು ಭಯ ಒಪ್ಪಿಕೊಳ್ಳಲು ಅವರಿಗೂ ನಾಚಿಕೆ ಇತ್ತು. ಮನೆಗೆ ಹೋಗಿ, ಊಟಕ್ಕೆ ಬಡಿಸುವಾಗ, “ನೀರು ಕಂಡ್ರೆ ಭಯವಂತೆ ನಿಮಗೆ,” ಎಂದು ರೇಗಿಸಬೇಕೆನ್ನಿಸಿತು. ಅವರು ತಲೆ ತಗ್ಗಿಸಿಕೊಂಡು ಮುದ್ದೆ ಮುರಿಯುತ್ತಾ, “ಯಾರಂದ್ರು?” ಎನ್ನುತ್ತಿದ್ದರು. ಯಾರ ಹತ್ತಿರ ಹೇಳಲಿ ಅದನ್ನು? ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಸೀರೆ ಸ್ವಲ್ಪ ಮೇಲಕ್ಕೆ ಎತ್ತಿಕೊಂಡು ನೀರಿಗೆ ಇಳಿದೆ. ಕಾಲಿನ ಹರಡು ಮುಳುಗುವಷ್ಟು. ನೀರು ತಣ್ಣಗಿತ್ತು. ಭಾವ ಇನ್ನೂ ಫೋನಿನಲ್ಲಿಯೇ ಇದ್ದರು, ಅವರ ಉಸಿರು ಕೇಳುತ್ತಿತ್ತು. ಹೇಳುವುದು ಮುಗಿದಿತ್ತು, ಇನ್ನು ಇಡಬೇಕು. ಇಟ್ಟರೆ ಆ ದನಿ ಹೋಗುತ್ತದೆ.

“ಊಟ ಆಯ್ತಾ?” ಎಂದು ಕೇಳಿದೆ.

“ಆಯ್ತು. ನಿಮ್ಮಕ್ಕ ಸಾರು ಮಾಡಿಟ್ಟು ಓಗವ್ಳೆ. ಮುದ್ದೆ ನಾನೇ ಕಟ್ಕಂಡೆ, ಗಂಟಾಯ್ತು.”

“ಸಾರು ಬಿಸಿ ಮಾಡ್ಕಂಡ್ರಾ?”

“ಮಾಡ್ಕಂಡೆ.”

“ಅಲ್ಲಿ ಮಳೆ ಬಂತಾ?”

“ಮೋಡ ಅದೆ. ಬರ್ನಿಲ್ಲ.”

ಹೀಗೆ ಏನೇನೋ ಕೇಳಿದೆ. ಕಣ್ಣು ನೀರಿನ ಆ ಉಬ್ಬಿನ ಮೇಲೆ, ಕಿವಿಗೆ ಆ ದನಿ. ಮುದ್ದೆ ಗಂಟಾದದ್ದನ್ನು ನಿಮ್ಮ ತಾತನೇ ಹೇಳಿದಂತಿತ್ತು. ಟೈಲರಮ್ಮ ದೂರದಿಂದಲೇ ಕೈಗಡಿಯಾರ ತೋರಿಸಿದಳು. “ಇಡ್ತೀನಿ ಭಾವ,” ಎಂದೆ. “ಊಂ, ಉಸಾರಾಗಿ ಬಾ,” ಎಂದರು.

ದಡಕ್ಕೆ ಬಂದಾಗ ಟೈಲರಮ್ಮ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಹುಡುಗಿ ಚಪ್ಪಲಿ ತಂದು ಕಾಲ ಬಳಿ ಇಟ್ಟಳು. ಬಸ್‌ಸ್ಟ್ಯಾಂಡಿಗೆ ಆಟೋದಲ್ಲಿ ಹೋಗುವಾಗ ಟೈಲರಮ್ಮ, “ನಿನ್ನ ಭಾವ ಪಾಪ ಒಳ್ಳೇರು ಕಣಕ್ಕ. ಇಷ್ಟು ವರ್ಷ ಮಾತಾಡಿಸ್ದೆ ವೇಸ್ಟ್ ಮಾಡ್ಬುಟ್ಟೆ,” ಎಂದಳು.

ಐದೂವರೆಯ ಬಸ್ಸು ಸಿಕ್ಕಿತು. ನಮ್ಮೂರ ಗೇಟಿನಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಮರದ ಕೆಳಗೆ ಭಾವ ನಿಂತಿದ್ದರು. ಯಾವತ್ತೂ ಬಂದವರಲ್ಲ. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಅವರೂ ಮುಖ ತಿರುಗಿಸಿ, ಮುಂದೆ ಮುಂದೆ ನಡೆದರು. ನಾನು ಹತ್ತು ಮಾರು ಹಿಂದೆ ನಡೆದೆ. ನಾಲೆಯ ಏರಿ ಹತ್ತುವಾಗ, ಹಿಂದಕ್ಕೆ ತಿರುಗದೆ, “ಪರೀಕ್ಷೆ ಯಾವಾಗವ್ವ?” ಎಂದರು.

“ಯುಗಾದಿ ಸುಮಾರಿಗೆ,” ಎಂದೆ. ಅಲ್ಲಿ ಬಾಗಿಲಿರಲಿಲ್ಲ, ಮಗುವೂ ಇರಲಿಲ್ಲ. ರಸ್ತೆಗೆ ಹೇಳಿದೆ. ಅವರ ಬೋಳು ತಲೆ, ಹೆಗಲ ಮೇಲಿನ ಟವೆಲ್ಲು, ಕುಂಟುವ ಎಡಗಾಲು ಎದುರಿಗೆ ಕಾಣುತ್ತಿದ್ದುದರಿಂದ, ಆ ದನಿ ಮತ್ತೆ ಭಾವನದೇ ಆಗಿತ್ತು. ನಿಮ್ಮ ತಾತನದು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಎಷ್ಟು ಕಿವಿಗೊಟ್ಟರೂ ಸಿಗಲಿಲ್ಲ.

ಅದು ಫೋನಿನಲ್ಲಿ ಮಾತ್ರ ಇರುತ್ತದೆ. ಅದಕ್ಕೇ ಕೆಲವು ಸಂಜೆ, ಯಾವ ಕೆಲಸವೂ ಇಲ್ಲದಿದ್ದರೂ, ಒಳಗಿನ ಕೋಣೆಯಲ್ಲಿ ಕೂತು ಪಕ್ಕದ ಮನೆಗೆ ಫೋನು ಮಾಡುತ್ತೇನೆ. “ಹಸು ಕಟ್ಟಿದ್ರಾ ಭಾವ?” ಎಂದು ಕೇಳುತ್ತೇನೆ. ಹಸು ಕಟ್ಟಿರುವುದು ನನಗೆ ಕಿಟಕಿಯಿಂದಲೇ ಕಾಣುತ್ತಿರುತ್ತದೆ. ನಾನು ಕಿಟಕಿಯ ಹತ್ತಿರ ಇರುವುದು ಅವರಿಗೂ ಜಗುಲಿಯಿಂದ ಕಾಣುತ್ತಿರಬೇಕು.

“ಕಟ್ಟಿವ್ನಿ ಕಣವ್ವ,” ಎನ್ನುತ್ತಾರೆ.